ಮೊಳೆಯದ ಬೀಜದ ಮೇಲೆ ತೀರ್ಪು



ಬಿತ್ತಿದ ಬೀಜವು ಮೊಳೆಯದೆ ಹೋದರೆ ತಪ್ಪನ್ನು ಯಾರ ಮೇಲೆ ಹೊರಿಸತಕ್ಕದ್ದು? ಬೀಜದ ಮೇಲೋ, ನೆಲದ ಮೇಲೋ, ಮಳೆಯ ಮೇಲೋ, ಬಿತ್ತಿದವನ ಮೇಲೋ? ಇದು ಒಕ್ಕಲಿಗರು ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುವ ಸಂಗತಿಯೇ ಹೊರತು ಪತ್ರಿಕೆಯಲ್ಲಿ ಬರೆಯತಕ್ಕದ್ದಲ್ಲವೆಂದು ಕೆಲವರು ನೆನಸಾರು. ಆದರೆ ನಾವು ಮನುಷ್ಯರ ವಿಷಯದಲ್ಲಿಯೂ ದಿನಾಲು ಇದೇ ಪ್ರಶ್ನೆಯನ್ನು ಕೇಳುತ್ತೇವೆ. ಕೇಳಿದ ಕೂಡಲೆ ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಹಾಗೆ ಅವಸರದಿಂದ ಕೊಟ್ಟ ಒಂದು ಉತ್ತರದಿಂದ ನನಗೆ ಉಂಟಾದ ನಾಚಿಕೆಯೇ ಈ ಲೇಖಕ್ಕೆ ಕಾರಣವಾಯಿತು.

ನಮ್ಮ ಊರಿನ ಒಬ್ಬ ಯುವಕನು ಕೆಲವು ವರುಷ ಪಟ್ಟಣದಲ್ಲಿ ಕೂಲಿ ಮಾಡಿ ತಿರಿಗಿ ಬಂದು, ತಂದೆಯ ಮಸಾರಿ ಹೊಲದಲ್ಲಿ ಮೃಗಶಿರಾ ಮಳೆಗೆ ಸಜ್ಜೆ ಬಿತ್ತಿದನು. ಬಿತ್ತಿದ ಮರುದಿನ ದೊಡ್ಡ ಮಳೆ ಹೊಡೆಯಿತು; ಆ ಮೇಲೆ ನಾಲ್ಕಾರು ದಿವಸ ಕಡು ಬಿಸಿಲು. ಎಂಟನೆಯ ದಿನವಾದರೂ ಸಾಲಿನಲ್ಲಿ ಹಸುರು ಕಾಣಲಿಲ್ಲ. ಅವನು ನನ್ನ ಬಳಿಗೆ ಬಂದು, “ಉಪದೇಶಿಗಳೇ, ನೀವೇ ನೋಡಿ ಹೇಳಿರಿ,” ಅಂದನು. ನಾನು ಬದುವಿನ ಮೇಲೆ ನಿಂತು ಬರಿದಾದ ಹೊಲವನ್ನು ನೋಡಿ, “ತಮ್ಮಾ, ನಿನಗೆ ಕೆಟ್ಟ ಬೀಜ ಕೊಟ್ಟಿದ್ದಾರೆ,” ಎಂದೆನು. ಅವನು ಅದನ್ನೇ ನಿಜವೆಂದು ನಂಬಿ, ಬೀಜ ಮಾರಿದವನ ಅಂಗಡಿಯ ಮುಂದೆ ನಿಂತು ಹತ್ತು ಜನರ ಎದುರಿನಲ್ಲಿ ಅವನನ್ನು ಮೋಸಗಾರನೆಂದು ಬೈದನು. ಯಾರು ಹೇಳಿದರೆಂದು ಕೇಳಿದವರಿಗೆ ನನ್ನ ಹೆಸರನ್ನು ಹೇಳಿದನು.

ಮರುದಿನ ಎತ್ತು ಕಟ್ಟಿ ಹೊಲವನ್ನು ಹರಗುವಾಗ, ಒಡೆದ ಮಣ್ಣಿನ ಹೆಪ್ಪಳಿಕೆಗಳ ಅಡಿಯಲ್ಲಿ ಸಾಲು ಸಾಲಾಗಿ ಮೊಳಕೆಗಳು ಕಂಡವು. ಅವು ಬೆಳ್ಳಗಾಗಿ, ಮೇಲಕ್ಕೆ ದಾರಿ ಸಿಕ್ಕದೆ, ಡೊಂಕಾಗಿ ಬಾಗಿಕೊಂಡಿದ್ದವು. ಮಳೆಯ ಹೊಡೆತಕ್ಕೆ ಕದಡಿದ ಮೇಲ್ಮಣ್ಣು ಬಿಸಿಲಿಗೆ ಒಣಗಿ ಹಪ್ಪಳದಂತೆ ಬಿಗಿದುಕೊಂಡಿತ್ತು. ಬೀಜವು ತನ್ನ ಕೆಲಸವನ್ನು ಮಾಡಿತ್ತು. ಬಾಗಿಲು ಮಾತ್ರ ಮುಚ್ಚಿತ್ತು. ಐದನೆಯ ದಿನ ಒಂದು ಮುಳ್ಳುಕಂಟಿಯನ್ನು ಹೊಲದ ಮೇಲೆ ಹಗುರವಾಗಿ ಎಳೆದಿದ್ದರೆ ಬೆಳೆ ಉಳಿಯುತ್ತಿತ್ತು. ನನ್ನ ಮಾತಿನಿಂದ ಹೊಲವೂ ಹೋಯಿತು, ನಿರಪರಾಧಿಯಾದ ಒಬ್ಬನ ಹೆಸರೂ ಕೆಟ್ಟಿತು. ಚೀಲದಲ್ಲಿ ಉಳಿದ ಬೀಜದೊಳಗಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದಾಗ ಮುಕ್ಕಾಲಿಗಿಂತ ಹೆಚ್ಚು ಮೊಳೆತವು. ಬದುವಿನ ಮೇಲಿಂದ ಇಳಿದು ಬೆರಳಿನಿಂದ ಮಣ್ಣು ಕೆದಕಿ ನೋಡುವ ಅಷ್ಟು ಕೆಲಸವನ್ನು ನಾನು ಮಾಡಿರಲಿಲ್ಲ.

ಆ ದಿವಸದಿಂದ ನಾನು ಬೀಜದ ವಿಷಯವಾಗಿ ಓದುತ್ತಲೂ ಯೋಚಿಸುತ್ತಲೂ ಬಂದಿದ್ದೇನೆ. ಅದರಲ್ಲಿ ಮೊದಲನೆಯದಾಗಿ ತಿಳಿಯಬೇಕಾದದ್ದೇನಂದರೆ, ಒಣಗಿದ ಕಾಳು ಸತ್ತ ವಸ್ತುವಲ್ಲ. ಅದರೊಳಗೆ ಒಂದು ಎಳೆಯ ಅಂಕುರವು, ತನಗೆ ಬೇಕಾದ ಬುತ್ತಿಯನ್ನು ಕಟ್ಟಿಕೊಂಡು, ಪಯಣಕ್ಕೆ ಹೊರಡದೆ ಕೂತಿರುತ್ತದೆ. ಅದು ಏಳಬೇಕಾದರೆ ನೀರು, ಗಾಳಿ, ತಕ್ಕಷ್ಟು ಕಾವು, ಈ ಮೂರು ಕೂಡಿ ಬರಬೇಕು. ಕೆಲವಕ್ಕೆ ಬೆಳಕೂ ಬೇಕು. ಮೊದಲು ನೀರು. ಗೋವಿನ ಜೋಳದ ಕಾಳು ತೂಕದಲ್ಲಿ ನೂರಕ್ಕೆ ಸುಮಾರು ೩೦ ಪಾಲು ತೇವವಾಗುವ ತನಕ ಮೊಳೆಯದು. ಸೋಯಾ ಅವರೆಗೆ ಸುಮಾರು ೫೦ ಪಾಲು ಬೇಕು. ಒಂದೇ ಮಳೆಯಲ್ಲಿ ಒಂದಕ್ಕೆ ಸಾಕಾದದ್ದು ಮತ್ತೊಂದಕ್ಕೆ ಸಾಲದು. ನೀರು ಒಳಗೆ ಹೋದ ಮೇಲೆ ಅಂಕುರವು ಒಂದು ರಸವನ್ನು ಹುಟ್ಟಿಸಿ, ಬುತ್ತಿಯ ಸುತ್ತಲಿರುವ ಪೊರೆಗೆ ಸುದ್ದಿಯನ್ನು ಕಳುಹಿಸುತ್ತದೆ. ಆ ಪೊರೆಯು ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ದ್ರವ್ಯವನ್ನು ಸುರಿಸುತ್ತದೆ. ಜವೆಗೋದಿಯಲ್ಲಿ ಶಾಸ್ತ್ರಜ್ಞರು ಇದನ್ನು ಸ್ಪಷ್ಟವಾಗಿ ಕಂಡುಕೊಂಡಿದ್ದಾರೆ; ಆ ರಸಕ್ಕೆ ಜಿಬ್ಬರೆಲಿನ್ ಎಂದು ಹೆಸರು. ಮಕ್ಕಳಿಗೆಂದು ಮೊಳಕೆ ಬರಿಸಿ ಬೀಸಿದ ರಾಗಿಯ ಹಿಟ್ಟು ಸಿಹಿಯಾಗಿರುವದು ಇಂಥ ಕಾರಣದಿಂದಲೇ.

ಗಾಳಿಯ ವಿಷಯದಲ್ಲಿಯೂ ಹಾಗೆಯೇ. ನೀರು ನಿಂತ ಮಡಿಯಲ್ಲಿ ಶೇಂಗಾ ಬೀಜವು ಉಸುರಾಡಲಾರದೆ ಕೊಳೆಯುತ್ತದೆ; ಭತ್ತವಾದರೋ ಗಾಳಿ ಕಡಿಮೆಯಿದ್ದರೂ ಮೊಳಕೆಯನ್ನು ಮೇಲಕ್ಕೆ ಚಾಚಬಲ್ಲದು. ಅದೇ ಭತ್ತವು ೧೦ ಡಿಗ್ರಿಗಿಂತ ತಣ್ಣಗಿರುವ ನೆಲದಲ್ಲಿ ಏಳದು, ೩೦ ಡಿಗ್ರಿಯ ಹತ್ತಿರ ಸುಖವಾಗಿ ಏಳುತ್ತದೆ. ಇನ್ನು ಸವಳು ನೆಲವನ್ನು ನೋಡಿರಿ. ತುಂಗಭದ್ರೆಯ ಕಾಲುವೆಯ ಕೆಳಗೆ ನೀರು ಹೆಚ್ಚಾಗಿ ಉಪ್ಪು ಮೇಲೆದ್ದ ಹೊಲಗಳನ್ನು ನಮ್ಮ ಸೀಮೆಯವರು ಬಲ್ಲರು. ಅಲ್ಲಿ ಬೀಜದ ಸುತ್ತಲೂ ನೀರಿದೆ. ಆದರೆ ಉಪ್ಪು ಆ ನೀರನ್ನು ಬಿಗಿಹಿಡಿದಿರುವದರಿಂದ ಬೀಜವು ಅದನ್ನು ಹೀರಲಾರದು. ನೋಡುವವನು, “ಇಷ್ಟು ನೀರಿದ್ದೂ ಮೊಳೆಯಲಿಲ್ಲವಲ್ಲಾ!” ಎಂದು ಬೀಜವನ್ನು ದೂರುತ್ತಾನೆ. ಬೀಜವಾದರೋ ನೀರಿನ ನಡುವೆ ಬಾಯಾರಿಕೊಂಡಿದೆ.

ಕಡೆಯದಾಗಿ, ಎಲ್ಲವೂ ಇದ್ದು ತಾನಾಗಿ ತಡೆದು ನಿಂತಿರುವ ಬೀಜಗಳುಂಟು. ಸಾಗುವಾನಿಯ ಕಾಯಿಯನ್ನು ಹಲವು ಸಾರಿ ನೆನೆಯಿಸಿ ಹಲವು ಸಾರಿ ಒಣಗಿಸದೆ ಬಿತ್ತಿದರೆ ಕೊಂಚವೇ ಮೊಳೆಯುತ್ತವೆ. ಕರೀಜಾಲಿಯ ಬೀಜವು ಆಡಿನ ಹೊಟ್ಟೆಯನ್ನು ಹಾದು ಬಂದ ಮೇಲೆ ಚೆನ್ನಾಗಿ ಏಳುತ್ತದೆಂದು ಕುರುಬರು ಬಲ್ಲರು. ಅಮೇರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಎಂಬವರೂ ಅವರ ಜೊತೆಗಾರರೂ ೧೯೫೨ರಲ್ಲಿ ಲೆಟ್ಯೂಸ್ ಎಂಬ ಸೊಪ್ಪಿನ ನೆನೆದ ಬೀಜಕ್ಕೆ ಕೆಂಪು ಬೆಳಕನ್ನು ತೋರಿಸಿದರು, ಅದು ಮೊಳೆಯಿತು. ಕೆಂಪಿನಾಚೆಯ, ನಮ್ಮ ಕಣ್ಣಿಗೆ ಬಹಳ ಮಂದವಾಗಿ ಕಾಣುವ ಬೆಳಕನ್ನು ಆ ಮೇಲೆ ತೋರಿಸಿದರೆ ಮೊಳೆಯದೆ ನಿಂತಿತು. ಒಂದರ ಮೇಲೊಂದಾಗಿ ಎಷ್ಟು ಸಾರಿ ಬದಲಾಯಿಸಿದರೂ ಕೊನೆಗೆ ಬಿದ್ದ ಬೆಳಕಿಗೆ ತಕ್ಕ ಹಾಗೆ ಬೀಜವು ನಡಕೊಂಡಿತು. ಇದರ ಅರ್ಥವೇನಂದರೆ: ದೊಡ್ಡ ಗಿಡದ ಎಲೆಗಳು ಕೆಂಪು ಬೆಳಕನ್ನು ತಾವು ನುಂಗಿ, ಅದರಾಚೆಯ ಬೆಳಕನ್ನು ಕೆಳಕ್ಕೆ ಬಿಡುತ್ತವೆ. ಇಂಥ ಚಿಕ್ಕ ಬೀಜವು ದೊಡ್ಡವರ ನೆರಳಿನಲ್ಲಿ ತನಗೆ ಬಾಳಿಲ್ಲವೆಂದು ತಿಳಿದಂತೆ ಸುಮ್ಮನಿರುತ್ತದೆ. ನೆರಳು ಸರಿದಾಗ ಏಳುತ್ತದೆ.

ಹೀಗಿರುವಲ್ಲಿ, ಮೊಳೆಯದ ಬೀಜಕ್ಕೆ ನಾಲ್ಕು ಕಾರಣಗಳಿರಬಹುದು. ಅದು ಸತ್ತಿರಬಹುದು, ಅದಕ್ಕೆ ಬೇಕಾದದ್ದು ಸಿಕ್ಕದಿರಬಹುದು, ಸಿಕ್ಕಿದರೂ ಏನೋ ಅಡ್ಡವಾಗಿರಬಹುದು, ಇಲ್ಲವೆ ಅದು ನಿದ್ರಿಸುತ್ತಿರಬಹುದು. ನಾಲ್ಕಕ್ಕೂ ಔಷಧ ಬೇರೆ ಬೇರೆ. ಸತ್ತದ್ದಕ್ಕೆ ಬದಲಾಗಿ ಹೊಸ ಬೀಜ, ಕೊರತೆಗೆ ನೀರು, ಅಡ್ಡಿಗೆ ಕುಂಟೆ, ನಿದ್ರೆಗೆ ಕಾಲ. ಆದರೆ ಬದುವಿನ ಮೇಲೆ ನಿಂತವನಿಗೆ ನಾಲ್ಕೂ ಒಂದೇ ತರವಾಗಿ ಕಾಣುತ್ತವೆ, ಅಂದರೆ ಬರಿದಾದ ನೆಲವಾಗಿ. ಬಿತ್ತುವವನ ಸಾಮ್ಯದಲ್ಲಿ ಒಂದೇ ಬೀಜವು ನಾಲ್ಕು ತರದ ನೆಲಕ್ಕೆ ಬಿದ್ದದ್ದನ್ನು ನಾವೆಲ್ಲರು ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿದಾಗಲೆಲ್ಲಾ ನಮ್ಮನ್ನು ಒಳ್ಳೇ ನೆಲಕ್ಕೂ ನೆರೆಯವರನ್ನು ಬಂಡೆಯ ನೆಲಕ್ಕೂ ಹೋಲಿಸಿಕೊಂಡಿದ್ದೇವೆ.

ನನ್ನ ಸಂಜೆಯ ಪಾಠದಲ್ಲಿ ಒಬ್ಬ ಹುಡುಗಿ ಒಂದು ವರುಷದ ವರೆಗೂ ಬಾಯಿ ತೆರೆಯದೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನು ನಾನು ಮಂದಬುದ್ಧಿಯವಳೆಂದು ಎಣಿಸಿದ್ದೆನು. ಅವಳಿಗೆ ಒಂದು ಕಿವಿ ಕೇಳಿಸದೆಂದು ಅವಳ ಅಜ್ಜಿ ಬಂದು ಹೇಳಿದ ಮೇಲೆ ಮುಂದಿನ ಸಾಲಿಗೆ ಕರೆದು ಕೂಡ್ರಿಸಿದೆನು. ಈಗ ಅವಳು ಚಿಕ್ಕವರಿಗೆ ಓದು ಹೇಳಿಕೊಡುತ್ತಾಳೆ. ಪಾಠವೆಂಬ ನೀರು ಅವಳ ಸುತ್ತಲೂ ಇತ್ತು. ಅವಳಿಗೆ ಮಾತ್ರ ಮುಟ್ಟುತ್ತಿರಲಿಲ್ಲ. ಹೀಗೆ ಎಷ್ಟು ಜನರನ್ನು ನಾವು ಸೋಮಾರಿಗಳೆಂದೂ ಕಠಿಣರೆಂದೂ ಪ್ರಯೋಜನವಿಲ್ಲದವರೆಂದೂ ಬರೆದಿಟ್ಟಿದ್ದೇವೋ!

ಎಷ್ಟು ಕಾಲದ ವರೆಗೆ ಜೀವ ಉಳಿಯಬಹುದೆಂದು ತಿಳಿಯುವದಕ್ಕೆ ಎರಡು ದೃಷ್ಟಾಂತಗಳನ್ನು ಹೇಳುತ್ತೇನೆ. ಅಮೇರಿಕದ ಮಿಷಿಗನ್ ಸೀಮೆಯಲ್ಲಿ ಬೀಲ್ ಎಂಬ ಉಪಾಧ್ಯಾಯರು ೧೮೭೯ರಲ್ಲಿ ೨೦ ಸೀಸೆಗಳನ್ನು ತೆಗೆದುಕೊಂಡು, ಒಂದೊಂದರಲ್ಲಿ ೨೧ ಜಾತಿಯ ಗಿಡಗಳ ಐವತ್ತೈವತ್ತು ಬೀಜಗಳನ್ನು ತೇವವಾದ ಮರಳಿನೊಂದಿಗೆ ತುಂಬಿ, ನೀರು ನಿಲ್ಲದ ಹಾಗೆ ಬಾಯಿ ಕೆಳಗಾಗಿ ಹೂಳಿಟ್ಟರು. ಒಂದೊಂದು ಅವಧಿಗೆ ಒಂದು ಸೀಸೆಯನ್ನು ತೆಗೆದು ಬಿತ್ತಿ ನೋಡಬೇಕೆಂಬುದು ಅವರ ನೇಮ. ಆ ಉಪಾಧ್ಯಾಯರು ತೀರಿಹೋಗಿ ಬಹಳ ಕಾಲವಾದರೂ ಅವರ ಬಳಿಕ ಬಂದವರು ಆ ನೇಮವನ್ನು ನಡಿಸುತ್ತಾ ಬಂದಿದ್ದಾರೆ. ೨೦೨೧ರಲ್ಲಿ ಹದಿನಾರನೆಯ ಸೀಸೆಯನ್ನು, ಬೀಜಗಳಿಗೆ ಬೆಳಕು ತಗಲದಂತೆ ರಾತ್ರಿಯಲ್ಲಿ ಅಗೆದು ತೆಗೆದು ಬಿತ್ತಲಾಗಿ, ೧೪೧ ವರುಷ ಮಣ್ಣಿನಲ್ಲಿದ್ದ ಬೀಜಗಳೊಳಗೆ ೨೦ ಮೊಳೆತವು. ಕೊನೆಯ ಸೀಸೆಯನ್ನು ೨೧೦೦ರಲ್ಲಿ ತೆಗೆಯತಕ್ಕದ್ದೆಂದು ಇಟ್ಟಿದ್ದಾರೆ. ಎರಡನೆಯದು, ಲವಣಸಮುದ್ರದ ಬಳಿಯಲ್ಲಿರುವ ಮಸಾದ ಕೋಟೆಯನ್ನು ೧೯೬೩ರಿಂದ ೧೯೬೫ರ ವರೆಗೆ ಅಗೆದಾಗ ಸಿಕ್ಕಿದ ಖರ್ಜೂರದ ಬೀಜಗಳು. ಅವು ಸುಮಾರು ೨೦೦೦ ವರುಷ ಹಳೆಯವು. ನಲವತ್ತು ವರುಷ ಹಾಗೆಯೇ ಎತ್ತಿಡಲ್ಪಟ್ಟಿದ್ದ ಅವುಗಳಲ್ಲಿ ಮೂರನ್ನು ೨೦೦೫ರಲ್ಲಿ ನೆನೆಯಿಸಿ ನೆಟ್ಟಾಗ ಒಂದು ಮೊಳೆತು ಮರವಾಯಿತು. ಅದಕ್ಕೆ ಮೆತೂಷೆಲಹನ ಹೆಸರನ್ನಿಟ್ಟಿದ್ದಾರೆ.

ಆದರೆ ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಅವುಗಳನ್ನು ಬಿಟ್ಟು ಹೋಗುವದು ನ್ಯಾಯವಲ್ಲ.

ಒಂದನೆಯದು: “ಎಲ್ಲರಲ್ಲಿಯೂ ಜೀವವುಂಟು, ಕಾಯೋಣ, ಕಾಯೋಣ ಎಂದು ಕೂತರೆ ಅದು ತಾಳ್ಮೆಯೋ ಸೋಮಾರಿತನವೋ?” ಇದು ಸರಿಯಾದ ಪ್ರಶ್ನೆ. ಯಾಕಂದರೆ ಕಾಯುವದರಿಂದಲೇ ಸಾಯುವ ಬೀಜಗಳೂ ಉಂಟು. ಹಲಸಿನ ಬೀಜವನ್ನು ಒಣಗಿಸಿ ಇಟ್ಟು ಮುಂದಿನ ವರುಷ ನೆಡುತ್ತೇನೆಂದರೆ ಅದು ಏಳದು; ಹಣ್ಣಿನಿಂದ ತೆಗೆದು ಬೇಗನೆ ಮಣ್ಣಿಗೆ ಹಾಕಬೇಕು. ಬೇವಿನ ಬೀಜವೂ ಕೆಲವು ವಾರಗಳಲ್ಲಿಯೇ ಸತ್ವಗುಂದುತ್ತದೆ. ಖರ್ಜೂರದ ಮಾತನ್ನು ಹೇಳಿ ಹಲಸಿನ ಬೀಜವನ್ನು ಗಡಿಗೆಯಲ್ಲಿ ಮುಚ್ಚಿಟ್ಟವನು ತಾಳ್ಮೆಯುಳ್ಳವನಲ್ಲ, ಅಜಾಗ್ರತೆಯುಳ್ಳವನು. ಹಸಿದ ಮಗುವಿಗೂ ರೋಗಿಗೂ ಶಾಲೆ ಬಿಟ್ಟು ದನ ಕಾಯಹೋದ ಹುಡುಗನಿಗೂ, “ಕಾಲ ಬಂದಾಗ ಎಲ್ಲಾ ಸರಿಹೋಗುವದು,” ಎಂದು ಹೇಳುವದು ಇಂಥ ಪಾಪವೇ. ಆದ್ದರಿಂದ ನಾನು ಹೇಳುವದು ಕಾಯಿರಿ ಎಂದಲ್ಲ, ಪರೀಕ್ಷಿಸಿರಿ ಎಂದೇ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಸುತ್ತಿ ನೋಡುವವನು ಕಾಯುವವನೂ ಅಲ್ಲ, ದೂರುವವನೂ ಅಲ್ಲ, ತಿಳಿಯಬೇಕೆನ್ನುವವನು. ನಮ್ಮ ದೇಶದಲ್ಲಿ ಪ್ರಮಾಣಪತ್ರವುಳ್ಳ ಬೀಜಕ್ಕೂ ಒಂದು ಮೇರೆಯನ್ನಿಟ್ಟಿದ್ದಾರೆ: ನೂರಕ್ಕೆ ಭತ್ತ ೮೦, ಜೋಳ ೭೫, ಶೇಂಗಾ ೭೦ ಮೊಳೆತರೆ ಸಾಕು. ಒಳ್ಳೇದೆಂದು ಮುದ್ರೆ ಬಿದ್ದ ಚೀಲದಲ್ಲಿಯೂ ಕೆಲವು ಏಳದಿರಬಹುದೆಂದು ಮೇರೆಯನ್ನಿಟ್ಟವರು ಮೊದಲೇ ಒಪ್ಪಿಕೊಂಡಿದ್ದಾರೆ. ಎಲ್ಲವೂ ಮೊಳೆಯಬೇಕೆಂಬ ಹಟವು ನಮಗೆ ಬೇಡ. ಮೊಳೆಯದವೆಲ್ಲಾ ಸತ್ತವೆಂಬ ಹಟವೂ ಬೇಡ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಕಠಿಣವಾದದ್ದು: “ಎಲ್ಲಾ ನೆಲದ ತಪ್ಪೇ ಆದರೆ ಕಳ್ಳನೂ ಕುಡುಕನೂ, ‘ನಾನಲ್ಲ, ನನ್ನ ನೆಲವೇ ಹೀಗೆ,’ ಎಂದು ಹೇಳುವರಲ್ಲಾ?” ಇದಕ್ಕೆ ಬೀಜದಿಂದಲೇ ಉತ್ತರ ಹುಡುಕೋಣ. ನೆಲವೂ ಮಳೆಯೂ ಬೀಜವನ್ನು ಎಬ್ಬಿಸಬಲ್ಲವು, ತಡೆಯಬಲ್ಲವು; ಆದರೆ ಸಜ್ಜೆಯನ್ನು ಜೋಳವಾಗಿ ಮಾಡಲಾರವು. ಹಾಗಾದರೆ ಒಳಗಿನ ಸ್ವಭಾವವೂ ಉಂಟು. ಅಷ್ಟೇ ಅಲ್ಲ, ಕೆಟ್ಟದ್ದು ಸಹ ನಿದ್ರಿಸುತ್ತಾ ಕಾದಿರುತ್ತದೆ. ಜೋಳದ ಬೇರಿಗೆ ಅಂಟಿ ಅದರ ರಸವನ್ನು ಹೀರಿ ಬಾಳುವ ಸ್ಟ್ರೈಗಾ ಎಂಬ ಕಸವೊಂದುಂಟು. ಧೂಳಿನಷ್ಟು ಸಣ್ಣದಾದ ಅದರ ಬೀಜವು ಹತ್ತು ವರುಷಕ್ಕೂ ಹೆಚ್ಚಾಗಿ ಮಣ್ಣಿನಲ್ಲಿ ಬಿದ್ದಿರಬಲ್ಲದು. ಮಳೆ ಬಂದರೂ ಏಳದು, ಬಿಸಿಲು ಬಂದರೂ ಏಳದು. ತನಗೆ ತಕ್ಕ ಬೆಳೆಯ ಬೇರು ಹತ್ತಿರ ಬಂದು, ಆ ಬೇರಿನಿಂದ ಒಸರುವ ದ್ರವ್ಯವು ತಗಲಿದಾಗಲೇ ಏಳುತ್ತದೆ. ಅಲ್ಲಿಯ ವರೆಗೆ ಹೊಲದೊಡೆಯನು ತನ್ನ ಹೊಲ ಶುದ್ಧವಾಗಿದೆಯೆಂದು ಹಿಗ್ಗುತ್ತಾನೆ.

ವಾಚಕರೇ, ಇದು ನಮ್ಮ ಹೆಮ್ಮೆಯನ್ನು ಮುರಿಯತಕ್ಕದ್ದಲ್ಲವೋ? ಹಣವನ್ನು ಎಂದೂ ಕೈಯಲ್ಲಿ ಹಿಡಿಯದವನು ತಾನು ಹಣಕ್ಕೆ ಆಶೆಪಡದವನೆಂದು ಹೇಳಿಕೊಳ್ಳುತ್ತಾನೆ. ಅಧಿಕಾರವಿಲ್ಲದವನು ತಾನು ಸಾಧುವೆನ್ನುತ್ತಾನೆ. ನಾನು ಬೀಜ ಮಾರುವವನ ವಿಷಯದಲ್ಲಿ ಮಾತಾಡುವ ಹಿಂದಿನ ದಿನದ ವರೆಗೆ ಸುಳ್ಳುಸಾಕ್ಷಿ ಹೇಳುವವನಲ್ಲವೆಂದು ನನ್ನನ್ನು ಎಣಿಸಿಕೊಂಡಿದ್ದೆನು. ಒಬ್ಬನು ನನ್ನ ಬುದ್ಧಿಯನ್ನು ನಂಬಿ ಕೇಳಿದ ಆ ಒಂದು ಗಳಿಗೆಯೇ ನನ್ನೊಳಗಿದ್ದ ಕಸಕ್ಕೆ ತಕ್ಕ ಹದವಾಯಿತು. ತಿಳಿಯದೆಂದು ಹೇಳಲು ನಾಚಿ, ತಿಳಿದವನಂತೆ ಹೇಳಿದೆನು.

ಇನ್ನೂ ಒಂದು ಭೇದವನ್ನು ಮರೆಯಬಾರದು. ಬೀಜವು ಬಿದ್ದಲ್ಲಿಯೇ ಬಿದ್ದಿರುತ್ತದೆ. ತನ್ನ ನೆಲವನ್ನು ಆರಿಸಿಕೊಳ್ಳಲಾರದು, ಪಕ್ಕದ ಬೀಜದ ಮೇಲಿನ ಮಣ್ಣನ್ನು ಸಡಿಲಿಸಲಾರದು. ಮನುಷ್ಯನು ಸ್ವಲ್ಪಮಟ್ಟಿಗಾದರೂ ಎರಡನ್ನೂ ಮಾಡಬಲ್ಲನು. ಕುಡಿಯುವವರ ಸಂಗಡ ಕೂಡ್ರುವದನ್ನು ಬಿಡಬಲ್ಲನು. ನೆರೆಯವನ ಮಗುವಿಗೆ ದೀಪದ ಬೆಳಕಿನಲ್ಲಿ ಸ್ಥಳ ಕೊಡಬಲ್ಲನು. ಆದ್ದರಿಂದ ನನಗೆ ತೋರುವ ನ್ಯಾಯವೇನಂದರೆ, ತೂಕದ ಕಲ್ಲು ಎರಡಿರಬೇಕು. ಪರರ ವಿಷಯದಲ್ಲಿ ಮೊದಲು ನೆಲವನ್ನು ನೋಡತಕ್ಕದ್ದು. ನಮ್ಮ ವಿಷಯದಲ್ಲಿ ಮೊದಲು ಬೀಜವನ್ನು ನೋಡತಕ್ಕದ್ದು. ಇದು ಪಕ್ಷಪಾತವಲ್ಲ. ಪರರ ಹೊಲವನ್ನು ನಾವು ಬದುವಿನ ಮೇಲಿಂದ ಮಾತ್ರ ನೋಡುತ್ತೇವೆ. ಅವರ ಮಣ್ಣು ಎಷ್ಟು ಬಿಗಿದಿತ್ತೆಂದೂ ಅವರ ನೀರಿನಲ್ಲಿ ಎಷ್ಟು ಉಪ್ಪಿತ್ತೆಂದೂ ಅರಿಯೆವು. ನಮ್ಮ ವಿಷಯದಲ್ಲಾದರೋ ನಮ್ಮ ಕೈಯಿಂದ ಆಗಬಹುದಾಗಿದ್ದು ಆಗದೆ ಹೋದದ್ದು ಎಷ್ಟೆಂದು ನಮ್ಮ ಮನಸ್ಸಿಗೇ ಗೊತ್ತಿರುತ್ತದೆ. ಕಾಣುವವನು ಕಂಡಷ್ಟಕ್ಕೆ ಲೆಕ್ಕ ಕೊಡಬೇಕು. ಲೋಕದಲ್ಲಿ ಸಾಧಾರಣವಾಗಿ ನಡೆಯುವದು ಇದಕ್ಕೆ ವಿರೋಧವಾಗಿದೆ: ನನ್ನ ತಪ್ಪಿಗೆ ನೆಲ ಕಾರಣ, ಅವನ ತಪ್ಪಿಗೆ ಅವನ ಬೀಜವೇ ಕಾರಣ.

ಆದರೂ ತಪ್ಪು ಮಾಡಿದವನಿಗೆ ಶಿಕ್ಷೆಯೇ ಇರಬಾರದೆಂದು ಹೇಳುವದಿಲ್ಲ. ಸ್ಟ್ರೈಗಾ ಎದ್ದರೆ ಅದು ಹೂ ಬಿಟ್ಟು ಬೀಜ ಕಟ್ಟುವದಕ್ಕೆ ಮುಂಚೆ ಕಿತ್ತುಹಾಕಲೇಬೇಕು. ಆದರೆ ಬುದ್ಧಿವಂತನಾದ ರೈತನು ಕಿತ್ತುಹಾಕುವದರೊಡನೆ, ಅದು ಯಾಕೆ ಇಲ್ಲಿ ಎದ್ದಿತೆಂದೂ ಕೇಳಿಕೊಂಡು, ಮುಂದಿನ ವರುಷ ಬೆಳೆಯನ್ನು ಬದಲಾಯಿಸುತ್ತಾನೆ. ಕೀಳುವದನ್ನೇ ಬಲ್ಲವನು ಪ್ರತಿ ವರುಷವೂ ಕೀಳುತ್ತಲೇ ಇರಬೇಕಾಗುವದು.

ಹೊಲವನ್ನು ಹರಗಿದ ಮರುದಿನ ನಾನು ಬೀಜದ ಅಂಗಡಿಗೆ ಹೋಗಿ, ಆ ಹತ್ತು ಜನರನ್ನು ಕರಿಸಿ, ಅವರೆದುರಿನಲ್ಲಿಯೇ, “ಅಣ್ಣಾ, ನಿಮ್ಮ ಬೀಜ ಒಳ್ಳೇದಿತ್ತು, ನಾನು ನೋಡದೆ ಮಾತಾಡಿದೆನು, ಕ್ಷಮಿಸಬೇಕು,” ಎಂದು ಕೈಮುಗಿದೆನು. ಆತನು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ, “ಉಪದೇಶಿಗಳೇ, ಇನ್ನು ಮೇಲೆ ಕೆದಕಿ ನೋಡಿ ಹೇಳಿರಿ,” ಎಂದಷ್ಟೇ ಅಂದನು. ಯುವಕನಿಗೆ ಎರಡನೆಯ ಸಾರಿ ಬಿತ್ತುವ ಬೀಜದ ಖರ್ಚನ್ನು ನಾನು ಕೊಟ್ಟೆನು. ಆ ಬೆಳೆ ತಡವಾಗಿ ಬಂದು ಅರ್ಧವೇ ಕೈಗೆ ಸಿಕ್ಕಿತು. ಬೀಜ ಮಾರುವವನ ವ್ಯಾಪಾರವಾದರೋ ಆ ವರುಷವೆಲ್ಲಾ ಮೊದಲಿನಂತಾಗಲಿಲ್ಲ. ಯಾಕಂದರೆ ಬೈಗಳು ಹೋದಷ್ಟು ದೂರ ಕ್ಷಮೆಯ ಮಾತು ಹೋಗುವದಿಲ್ಲ.

ಈ ಮುಂಗಾರಿನಲ್ಲಿ ನಿಮ್ಮ ಹೊಲದಲ್ಲಿಯಾಗಲಿ ಮನೆಯಲ್ಲಿಯಾಗಲಿ ಮೊಳೆಯದ ಒಂದು ಸಾಲು ಕಂಡುಬಂದರೆ, ಬದುವಿನಿಂದ ಇಳಿದು, ಕುಕ್ಕರಿಸಿ ಕೂತು, ಒಂದು ಬೆರಳಿನಷ್ಟು ಮಣ್ಣನ್ನು ಕೆದಕಿ ನೋಡಿರಿ. ತೀರ್ಪು ಆ ಮೇಲೆ ಆಗಲಿ.